ಮಳೆ ನಿಲ್ಲಿಸಿದವಳ ಮಗಳು

ನಮ್ಮಮ್ಮನಿಗೆ ತೊನ್ನು ಇತ್ತು. ತುಟಿಯ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಶುರುವಾದ ಬಿಳಿ ಮಚ್ಚೆ, ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ಎರಡೂ ಕೈಗಳಿಗೂ ಕುತ್ತಿಗೆಗೂ ಹರಡಿತ್ತು. ಇದು ಅಂಟುವ ಕಾಯಿಲೆ ಅಲ್ಲ ಎಂದು ಕೋಲಾರದ ಡಾಕ್ಟರು ಅಪ್ಪನಿಗೆ ಹೇಳಿ ಕಳಿಸಿದ್ದರು. ಅಪ್ಪ ನಂಬಿದ. ಊರು ನಂಬಲಿಲ್ಲ. ಮದುವೆ ಮನೆಗಳಲ್ಲಿ ಅರಿಶಿನ ಹಚ್ಚುವಾಗ ಹೆಂಗಸರು ಅಮ್ಮನನ್ನು ಉಪಾಯವಾಗಿ ಹಿಂದಕ್ಕೆ ಸರಿಸುತ್ತಿದ್ದರು. ಅಮ್ಮ ಮತ್ತೆ ಮುಂದೆ ಬಂದು ಅರಿಶಿನದ ಬಟ್ಟಲಿಗೆ ಕೈ ಹಾಕುತ್ತಿದ್ದಳು.

"ಈ ಕೈಲಿ ಹಾಕಿದ ಸೊಪ್ಪು ತಿಂದೇ ಹುಳ ಗೂಡು ಕಟ್ಟೋದು. ನೀವು ಉಟ್ಟಿರೋ ರೇಷ್ಮೆ ಸೀರೆ ಬಿಚ್ಚಿಟ್ಟು ಬನ್ನಿ, ಆಮೇಲೆ ನಾನು ದೂರ ಹೋಗ್ತೀನಿ" ಎಂದು ಒಮ್ಮೆ ಎಲ್ಲರೆದುರಿಗೇ ಹೇಳಿದ್ದಳು.

ಅಂಥ ಅಮ್ಮ ಶಿವರಾತ್ರಿ ಕಳೆದ ಮೇಲೆ ತೀರಿಕೊಂಡಳು. ನಮ್ಮ ಕಡೆ ತೊನ್ನಿದ್ದವರನ್ನು ಹೂಳಬಾರದು, ಸುಡಬೇಕು, ಹೂತರೆ ಮಳೆ ನಿಲ್ಲುತ್ತದೆ ಎಂಬ ಮಾತಿದೆ. ಅಮ್ಮ ಮಾತ್ರ ಹಿಪ್ಪುನೇರಳೆ ತೋಟದಲ್ಲಿ ಅಪ್ಪನ ಪಕ್ಕವೇ ತನ್ನನ್ನು ಮಲಗಿಸಬೇಕೆಂದು ಹೇಳಿಟ್ಟಿದ್ದಳು. ಹಾಗೇ ಮಾಡಿದೆವು. ಮಣ್ಣು ಹಾಕುವಾಗ ಅಪ್ಪನ ದಾಯಾದಿ ಅಣ್ಣ, ನಾವು ದೊಡ್ಡಪ್ಪ ಎನ್ನುತ್ತಿದ್ದವರು, ಬದುವಿನ ಮೇಲೆ ಮುಖ ತಿರುಗಿಸಿಕೊಂಡು ನಿಂತಿದ್ದರು.

ಆ ವರ್ಷ ಆಷಾಢ ಒಣಗಿಹೋಯಿತು. ರಾಗಿ ಬಿತ್ತಲು ಉತ್ತಿಟ್ಟ ಹೊಲಗಳಲ್ಲಿ ಧೂಳು ಏಳುತ್ತಿತ್ತು. ಮಧ್ಯಾಹ್ನದ ಮೇಲೆ ಮೋಡ ಕಟ್ಟುವುದು, ಒಂದು ಗಾಳಿ ಬೀಸಿ ಚದುರುವುದು, ಇಷ್ಟೇ. ನಾನಾಗ ಮುಳಬಾಗಿಲಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿಕೊಂಡಿದ್ದೆ, ಈಗಲೂ ಅಲ್ಲೇ ಇದ್ದೇನೆ. ಒಂದು ಶನಿವಾರ ಬೆಳಗ್ಗೆ ಊರಿನಿಂದ ನನ್ನ ತಮ್ಮ ಫೋನ್ ಮಾಡಿದ.

"ಅಕ್ಕಾ, ಊರಲ್ಲಿ ಬೇರೆ ಥರ ಮಾತಾಡ್ತಾವ್ರೆ. ಅಮ್ಮನ್ನ ತೆಗೆದು ಸುಡಬೇಕಂತೆ. ಇವತ್ತು ಸಾಯಂಕಾಲ ಕಟ್ಟೆ ಹತ್ರ ಸೇರ್ತಾರೆ. ನೀನು ಬರಬೇಡ, ಜಗಳ ಆಗುತ್ತೆ."

ಅದನ್ನು ಹೇಳಲು ಫೋನ್ ಮಾಡಿದವನು, ನಾನು ಬರುತ್ತೇನೆಂದು ತಿಳಿದೇ ಮಾಡಿರಬೇಕು. ಶಾಲೆ ಬಿಟ್ಟ ಕೂಡಲೇ ಶ್ರೀನಿವಾಸಪುರದ ಬಸ್ಸು ಹಿಡಿದೆ.

ಕಟ್ಟೆಯ ಮೇಲೆ ಊರಿನ ಹಿರಿಯರು ಕೂತಿದ್ದರು. ನಡುವೆ ದೊಡ್ಡಪ್ಪ. ಕೆಟ್ಟವರಲ್ಲ ಅವರು. ಅಪ್ಪ ಸತ್ತಾಗ ನಮ್ಮ ಹೊಲ ಉತ್ತುಕೊಟ್ಟವರು. ಅದಕ್ಕೇ ನನಗೆ ಸಿಟ್ಟು ಹೆಚ್ಚಾಯಿತು.

"ನಿಮ್ಮಮ್ಮನ ಮೇಲೆ ನಮಗೇನೂ ದ್ವೇಷ ಇಲ್ಲ ಕಣಮ್ಮ" ಎಂದರು. "ಊರು ಉಳೀಬೇಕಲ್ಲ."

"ದೊಡ್ಡಪ್ಪ, ಮಳೆ ಎಲ್ಲಿಂದ ಬರುತ್ತೆ ಹೇಳಿ."

"ಮೋಡದಿಂದ."

"ಮೋಡ?"

"ದೇವರಿಂದ" ಎಂದ ಹಿಂದಿನಿಂದ ಒಬ್ಬ. ಯಾರೋ ನಕ್ಕರು.

ನಾನು ಮಣ್ಣಿನ ಮೇಲೆ ಕಡ್ಡಿಯಲ್ಲಿ ಗೀಚಿ ತೋರಿಸಿದೆ. ಇದು ಮಂಗಳೂರಿನ ಕಡೆಯ ಸಮುದ್ರ, ಇದು ಮದ್ರಾಸಿನ ಕಡೆಯದು. ಮುಂಗಾರಿನ ಮೋಡ ಘಟ್ಟಕ್ಕೆ ಡಿಕ್ಕಿ ಹೊಡೆದು ತನ್ನಲ್ಲಿರುವುದನ್ನೆಲ್ಲ ಅಲ್ಲೇ ಸುರಿದು, ಹಗುರಾಗಿ ನಮ್ಮ ಕಡೆ ಬರುತ್ತದೆ. ಹಿಂಗಾರಿನದು ಆಚೆ ಸಮುದ್ರದಲ್ಲಿ ಎದ್ದು, ತಮಿಳುನಾಡು, ಆಂಧ್ರಕ್ಕೆಲ್ಲ ಹಂಚಿ ಮಿಕ್ಕಿದ್ದನ್ನು ನಮಗೆ ತರುತ್ತದೆ. ನಮ್ಮದು ಎರಡು ಸಮುದ್ರಗಳ ಎಂಜಲು ಮಳೆ. ಸಮುದ್ರದ ಮೇಲಿನ ಗಾಳಿಗೆ ನಮ್ಮ ಹಿಪ್ಪುನೇರಳೆ ತೋಟದಲ್ಲಿ ಯಾರು ಮಲಗಿದ್ದಾರೆಂದು ಹೇಗೆ ಗೊತ್ತಾಗಬೇಕು?

"ಶ್ರೀನಿವಾಸಪುರದ ಆ ಕಡೆ ಹೋದ ವಾರ ಹದವಾಗಿ ಮಳೆ ಆಯ್ತು" ಎಂದೆ. "ಅಲ್ಲಿ ತೊನ್ನಿರೋರು ಯಾರೂ ಸತ್ತೇ ಇಲ್ವಾ?"

"ಅವರು ಸುಟ್ಟಿರ್ತಾರೆ" ಎಂದರು ಒಬ್ಬರು, ತಟಕ್ಕನೆ.

ಇಂಥ ನಂಬಿಕೆಯ ಹತ್ತಿರ ಎಲ್ಲದಕ್ಕೂ ಉತ್ತರ ಇರುತ್ತದೆ ಎಂದು ನನಗೆ ಆಗ ಹೊಳೆಯಿತು. ಆದರೂ ಬಿಡಲಿಲ್ಲ.

"ಅಮ್ಮ ಹುಟ್ಟೋಕ್ಕೆ ಮುಂಚೆ ಮಳೆ ತಪ್ಪಿರಲಿಲ್ವಾ? ನೀವು ಹುಡುಗರಾಗಿದ್ದಾಗ ದನಕ್ಕೆ ಮೇವಿಲ್ದೆ ಮನೆ ಮೇಲಿನ ಹುಲ್ಲು ಕಿತ್ತು ಹಾಕಿದ್ವಿ ಅಂತ ನೀವೇ ಹೇಳ್ತಿದ್ರಲ್ಲ ದೊಡ್ಡಪ್ಪ. ಆಗ ಯಾರನ್ನ ಸುಟ್ರಿ?"

ಅವರು "ಸುಟ್ವಿ" ಎಂದರು.

ಹಿಂದೆ ನಿಂತಿದ್ದವರು ಹತ್ತಿರ ಸರಿದರು.

"ಕೆರೆ ಹಿಂದೆ ಹೂತಿದ್ರು ಒಬ್ಬ ಹೆಂಗಸನ್ನ. ನಾನೂ ಹೋಗಿದ್ದೆ, ನಮ್ಮಪ್ಪನ ಜೊತೆ. ತೆಗೆದು ಸುಟ್ವಿ. ಮಳೆ ಬಂತು."

"ಸುಟ್ಟಿದ್ದು ಯಾವಾಗ?"

"ಹಿಂಗೇ, ಆಷಾಢದಲ್ಲಿ."

"ಮಳೆ ಬಂದಿದ್ದು?"

ದೊಡ್ಡಪ್ಪ ಟವೆಲಿನಿಂದ ಮುಖ ಒರೆಸಿಕೊಂಡರು. "ದೀಪಾವಳಿ ಹೊತ್ತಿಗೆ" ಎಂದರು.

"ದೀಪಾವಳಿ ಹೊತ್ತಿಗೆ ಹಿಂಗಾರು ಬರುತ್ತೆ ದೊಡ್ಡಪ್ಪ. ಆ ತಾಯಿನ ಸುಡದೇ ಇದ್ರೂ ಬರ್ತಿತ್ತು."

ಈ ಸಲ ಯಾರೂ ನಗಲಿಲ್ಲ. ಗೆದ್ದೆ ಎಂದುಕೊಂಡೆ. ಆದರೆ ಒಂದು ಊರು ಅಷ್ಟು ಸುಲಭವಾಗಿ ಸೋಲುವುದಿಲ್ಲ. ಮೂಲೆಯಲ್ಲಿ ಕೂತಿದ್ದ ಮುದುಕಿಯೊಬ್ಬಳು "ವಾನ ಲೇದು, ಏಮೀ ಲೇದು" ಎಂದು ತೆಲುಗಿನಲ್ಲಿ ಗೊಣಗಿದಳು. ಮಳೆಯಿಲ್ಲ, ಏನೂ ಇಲ್ಲ. ಆ ಗೊಣಗಾಟ ನನ್ನ ಗೆರೆಗಳನ್ನೆಲ್ಲ ಅಳಿಸಿಬಿಟ್ಟಿತು. ಆಮೇಲೆ ರಾಜಿಯ ಮಾತು ಬಂತು: ಸುಡುವುದು ಬೇಡ, ಸಮಾಧಿಯ ತಲೆಯ ಕಡೆ ಹಾರೆಯಲ್ಲಿ ತೂತು ಹೊಡೆದು ನಾಲ್ಕು ಬಿಂದಿಗೆ ನೀರು ಹುಯ್ಯೋಣ, ಹೆಣದ ದಾಹ ತೀರಿದರೆ ಮಳೆ ಬರುತ್ತದೆ. ತಮ್ಮ ನನ್ನ ಮೊಣಕೈ ಹಿಡಿದುಕೊಂಡ.

"ನೀರು ತಾನೇ ಅಕ್ಕಾ. ಹುಯ್ಕೊಳ್ಳಲಿ ಬಿಡು. ನಾನಿಲ್ಲಿ ಬಾಳ್ಬೇಕು."

ಅವನ ಕಷ್ಟ ನನಗೆ ಗೊತ್ತಿತ್ತು. ನಾನು ಬಸ್ಸು ಹತ್ತಿ ಹೋಗುವವಳು, ಅವನು ಇದೇ ಜನರ ಮುಖ ನೋಡಬೇಕಾದವನು. ಆದರೆ ಒಂದು ಬಿಂದಿಗೆ ನೀರು ಹುಯ್ಯಲು ಒಪ್ಪಿದರೂ ಅಮ್ಮನೇ ಮಳೆ ನಿಲ್ಲಿಸಿದಳು ಎಂದು ಒಪ್ಪಿದ ಹಾಗೆ. ನಾನು ಎಡಗೈಯ ವಾಚು ಬಿಚ್ಚಿದೆ. ಮೂರು ವರ್ಷಗಳ ಹಿಂದೆ ಮಣಿಕಟ್ಟಿನಲ್ಲಿ ಕಾಣಿಸಿಕೊಂಡ ಬಿಳಿ ಮಚ್ಚೆ ಆ ಹೊತ್ತಿಗೆ ಪಟ್ಟಿಯ ಅಗಲದಷ್ಟು ಬೆಳೆದಿತ್ತು. ತಮ್ಮನೂ ಅದನ್ನು ನೋಡಿರಲಿಲ್ಲ. ಕೈ ಎತ್ತಿ ಎಲ್ಲರಿಗೂ ತೋರಿಸಿದೆ.

"ನನಗೂ ಬಂದಿದೆ. ನಾನು ಸತ್ತ ಮೇಲೂ ನಿಮ್ಮ ಮಳೆ ನಿಲ್ಲುತ್ತಾ? ಈಗಲೇ ಹೇಳಿಬಿಡಿ. ಒಂದು ಹಿಡಿ ಮಣ್ಣು ಕಿತ್ರೂ ನಾನು ಪೊಲೀಸ್ ಸ್ಟೇಷನ್ನಿಗೆ ಹೋಗ್ತೀನಿ. ಎಲ್ಲರ ಹೆಸರೂ ಬರೆಸ್ತೀನಿ. ದೊಡ್ಡಪ್ಪ, ಮೊದಲು ನಿಮ್ಮದು."

ಅವರು ನನ್ನ ಕೈಯನ್ನೇ ನೋಡುತ್ತ ಕೂತಿದ್ದರು. ಆಮೇಲೆ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದು ಹೋದರು. ಒಬ್ಬೊಬ್ಬರಾಗಿ ಉಳಿದವರೂ ಎದ್ದರು.

ಮಾರನೆಯ ದಿನ ಬೆಳಗ್ಗೆ ತೋಟಕ್ಕೆ ಹೋದೆ. ತಮ್ಮನ ಹೆಂಡತಿ ನನಗಿಂತ ಮೊದಲೇ ಅಲ್ಲಿದ್ದಳು. ಸಮಾಧಿಯ ಪಕ್ಕದ ಸಾಲಿನಲ್ಲಿ ಕುಡುಗೋಲು ಹಿಡಿದು ಸೊಪ್ಪು ಕೊಯ್ಯುತ್ತಿದ್ದಳು. "ಇನ್ನು ಈ ಕಡೆಯಿಂದ್ಲೇ ಶುರು ಮಾಡ್ತೀನಿ ಅತ್ತಿಗೆ, ದಿನಾ. ಯಾರು ಬಂದ್ರೂ ಕಾಣುತ್ತೆ" ಎಂದಳು. ಅಷ್ಟೇ ಹೇಳಿದ್ದು. ನಾನು ಅಲ್ಲೇ ಕೂತು ಸ್ವಲ್ಪ ಹೊತ್ತು ಅತ್ತುಬಿಟ್ಟೆ. ಸಂಜೆಯ ಬಸ್ಸಿಗೆ ಮುಳಬಾಗಿಲಿಗೆ ಬಂದೆ. ಮತ್ತೆ ಆ ವಾಚು ಕಟ್ಟಲಿಲ್ಲ.

ಸಮಾಧಿಯನ್ನು ಯಾರೂ ಮುಟ್ಟಲಿಲ್ಲ. ಆಮೇಲೆ ಮಳೆ ಬಂತಾ ಎಂದು ಈ ಕಥೆ ಕೇಳಿದವರೆಲ್ಲ ಕೇಳುತ್ತಾರೆ. ಬಂತು. ಶ್ರಾವಣದಲ್ಲಿ ನೆಲ ನೆನೆಯುವಷ್ಟು ಬಂತು, ರಾಗಿ ಬಿತ್ತಿದರು. ಆಮೇಲೆ ಕೈ ಕೊಟ್ಟಿತು. ತೆನೆ ಬಲಿಯುವ ಹೊತ್ತಿಗೆ ಮದ್ರಾಸಿನ ಕಡೆಯ ಸಮುದ್ರದಲ್ಲಿ ವಾಯುಭಾರ ಕುಸಿದು, ಎರಡು ದಿನ ಬಿಡದೆ ಸುರಿದು ಅರ್ಧ ಬೆಳೆಯನ್ನು ಮಲಗಿಸಿತು. ಶ್ರಾವಣದ ಮಳೆ ಬಿದ್ದಾಗ ಊರಿನ ಒಬ್ಬಾತ ಮುಳಬಾಗಿಲಿನ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿ, "ನಿಮ್ಮಮ್ಮ ದೊಡ್ಡೋಳು ಟೀಚರಮ್ಮ, ಕೊನೆಗೂ ಮಳೆ ಕೊಟ್ಳು" ಎಂದ. ಕೈ ಬೇರೆ ಮುಗಿದ.

"ನಿಲ್ಲಿಸಿದ್ದೂ ಅವಳಲ್ಲ, ಕೊಟ್ಟಿದ್ದೂ ಅವಳಲ್ಲ" ಎಂದೆ. ಅವನಿಗೆ ಬೇಸರವಾಯಿತು. ಬೇಸರವಾಗಲಿ. ಈ ಹೊಗಳಿಕೆ ಒಪ್ಪಿಕೊಂಡರೆ ಮುಂದಿನ ವರ್ಷ ಆ ಬೈಗುಳವನ್ನೂ ಒಪ್ಪಿಕೊಳ್ಳಬೇಕು.

ಅದೇ ಚಳಿಗಾಲದಲ್ಲಿ ಕೋಲಾರದಲ್ಲಿ ಜಿಲ್ಲೆಯ ಸಮಾಜ ವಿಜ್ಞಾನ ಶಿಕ್ಷಕರಿಗೆಲ್ಲ ಒಂದು ತರಬೇತಿ ಇತ್ತು. ವಾಯುಮಂಡಲ, ವಾಯುಗುಣದ ಬಗ್ಗೆ ಹತ್ತನೇ ತರಗತಿ ಮುಗಿಸುವ ಮಗು ಕಡ್ಡಾಯವಾಗಿ ತಿಳಿದಿರಬೇಕಾದ್ದೇನು, ಹೇಳಿ ಎಂದರು ತರಬೇತಿ ಕೊಡುತ್ತಿದ್ದವರು. ಪದರಗಳ ಹೆಸರು ಎಂದರು ಒಬ್ಬರು. ಸಾರಜನಕ ಎಷ್ಟು, ಆಮ್ಲಜನಕ ಎಷ್ಟು ಎಂದರು ಇನ್ನೊಬ್ಬರು. ಎಲ್ಲವೂ ಬೋರ್ಡಿನ ಮೇಲೆ ಹೋದವು. ನನ್ನ ಸರದಿ ಬಂದಾಗ ಎದ್ದು ನಿಂತೆ.

"ಯಾರ ಮೈ ಬಣ್ಣದಿಂದಲೂ, ಯಾರ ಹೆಣದಿಂದಲೂ ಮಳೆ ನಿಲ್ಲೋದಿಲ್ಲ. ಮೊದಲು ಇದು."

ಸಭಾಂಗಣದಲ್ಲಿ ಗುಸುಗುಸು ಎದ್ದಿತು. "ಇದು ಪಠ್ಯದಲ್ಲಿಲ್ಲ ಮೇಡಂ" ಎಂದರು ತರಬೇತಿಯವರು, ಮೃದುವಾಗಿಯೇ.

"ಗೊತ್ತು ಸರ್. ಅದಕ್ಕೇ ಹೇಳ್ತಿದೀನಿ."

"ವೈಜ್ಞಾನಿಕ ಅಂಶ ಹೇಳಿದ್ರೆ ಬರೀಬಹುದು."

"ಒಂದು ದಿನದ, ಒಂದು ವರ್ಷದ ಮಳೆ ನೋಡಿ ಯಾವ ತೀರ್ಪೂ ಕೊಡಬಾರದು. ವಾಯುಗುಣ ಅಂದ್ರೆ ಬಹಳ ವರ್ಷಗಳ ಲೆಕ್ಕ. ನಾವು ಸುಡೋ ಕಲ್ಲಿದ್ದಲು, ಪೆಟ್ರೋಲಿನ ಹೊಗೆಯಿಂದ ಗಾಳಿ ಬಿಸಿಯಾಗ್ತಿದೆ. ಬಿಸಿಯಾದ ಗಾಳಿ ಹೆಚ್ಚು ತೇವ ಹೊರುತ್ತೆ, ಬಂದಾಗ ಒಟ್ಟಿಗೇ ಸುರಿಯುತ್ತೆ. ಇಷ್ಟನ್ನೂ ಬರೀರಿ. ಆದ್ರೆ ಮೊದಲನೇದು ಬಿಡಬೇಡಿ. ಅದಿಲ್ದೆ ಇದು ಯಾರ ತಲೆಗೂ ಹತ್ತಲ್ಲ."

ಮಾಲೂರಿನಿಂದ ಬಂದಿದ್ದ ಟೀಚರೊಬ್ಬರು ಮಾತ್ರ ಎದ್ದು, "ಹಂಗೇ ನಮ್ಮ ಇಟ್ಟಿಗೆ ಗೂಡಿನ ಹೊಗೇನೂ ಹಾಕಿ ಸರ್, ಚಳೀಲಿ ಬೆಳಗ್ಗೆ ಹೊತ್ತು ಮೇಲಕ್ಕೇ ಹೋಗಲ್ಲ" ಎಂದರು. ಬೋರ್ಡಿನಲ್ಲಿ ಜಾಗ ಮುಗಿದಿತ್ತು. ಆಮೇಲೆ ಶಾಲೆಗಳಿಗೆ ಬಂದ ಹಾಳೆಯಲ್ಲಿ ಐದು ಪದರಗಳಿದ್ದವು, ಅನಿಲಗಳಿದ್ದವು, ನಾನು ಹೇಳಿದ್ದರಲ್ಲಿ ಒಂದೂ ಇರಲಿಲ್ಲ.

ದೊಡ್ಡಪ್ಪ ಇಂದಿಗೂ ನನ್ನ ಜೊತೆ ಮಾತಾಡುವುದಿಲ್ಲ. ನಾನು ವಾಯುಮಂಡಲದ ಪಾಠವನ್ನು ತರಬೇತಿಯಲ್ಲಿ ಹೇಳಿದ ಆ ಮೊದಲ ಸಾಲಿನಿಂದಲೇ ಶುರು ಮಾಡುತ್ತೇನೆ, ಪದರಗಳು ಆಮೇಲೆ. ಹೋದ ಜೂನಿನಲ್ಲಿ ಹಾಗೆ ಬೋರ್ಡಿನ ಮೇಲೆ ಬರೆಯುತ್ತಿದ್ದಾಗ, ಎರಡನೇ ಬೆಂಚಿನ ಹುಡುಗಿ ನನ್ನ ಕೈ ನೋಡಿದಳು, ಬೋರ್ಡು ನೋಡಿದಳು.

"ಮಿಸ್, ಇದನ್ನ ಮನೇಲಿ ಹೇಳಬೋದಾ?"

"ಹೇಳು" ಎಂದೆ. "ಯಾರು ಹೇಳಿಕೊಟ್ಟಿದ್ದು ಅಂತ ಕೇಳಿದ್ರೆ ನನ್ನ ಹೆಸರು ಹೇಳು."