ಶ್ರೀರಾಮಪ್ಪನ ಹೊಂಡಕ್ಕೆ ಬರೆದ ಮೇವಿನ ಚೀಟಿ

2023ರ ಮಾರ್ಚ್ ತಿಂಗಳು. ಮುಳಬಾಗಿಲು ತಾಲ್ಲೂಕಿನಲ್ಲಿ ನಾನು ಮೀನುಗಾರಿಕೆ ಇಲಾಖೆಯ ಸಹಾಯಕ ನಿರ್ದೇಶಕಿಯಾಗಿದ್ದೆ. ನಿವೃತ್ತಿಗೆ ಹದಿನಾಲ್ಕು ತಿಂಗಳು ಉಳಿದಿತ್ತು. ಕೆರೆಗಳಲ್ಲಿ ಮಾತ್ರ ಬೆಳೆಯುತ್ತಿದ್ದ ಮೀನು ಆ ಹೊತ್ತಿಗೆ ತೋಟದ ಮೂಲೆಯ ಕೃಷಿ ಹೊಂಡಗಳಿಗೂ ಬಂದಿತ್ತು. ಹೊಂಡದ ಅಳತೆ ನೋಡಿ ಎಷ್ಟು ಮರಿ ಬಿಡಬೇಕು, ಮೀನಿನ ತೂಕ ನೋಡಿ ಎಷ್ಟು ಮೇವು ಹಾಕಬೇಕು ಎಂದು ಚೀಟಿ ಬರೆದುಕೊಡುವುದು ನನ್ನ ಕೆಲಸದ ದೊಡ್ಡ ಪಾಲು. ಅಂಥ ಚೀಟಿಗಳನ್ನು ಎಷ್ಟು ಬರೆದಿದ್ದೇನೋ ಲೆಕ್ಕವಿಲ್ಲ. ಬರೆದು ಕೊಟ್ಟ ಮೇಲೆ ವಾಪಸು ಪಡೆದು ಹರಿದದ್ದು ಒಂದನ್ನೇ.

ಒಂದು ಬೆಳಿಗ್ಗೆ ಎಂಟು ಗಂಟೆಗೆ ಫೋನ್ ಬಂತು. ತಾಯಲೂರಿನ ಹತ್ತಿರದ ಹಳ್ಳಿಯ ಮುನಿರತ್ನಮ್ಮ. ಹಿಂದಿನ ಜುಲೈನಲ್ಲಿ ಅವರ ಹೊಂಡಕ್ಕೆ ಮುನ್ನೂರು ಮರಿ ಕೊಟ್ಟಿದ್ದೆವು.

"ಮೇಡಂ, ನಿನ್ನೆ ಮೂರು ಮೀನು ತೇಲಿದ್ವು. ಇವತ್ತು ನಾಲ್ಕು. ನಮ್ ಯಜಮಾನ್ರಿಗೆ ಗೊತ್ತಿಲ್ಲ. ಅವರು ಏಳೋದ್ರೊಳಗೆ ಎತ್ತಿ ಬಕೇಟಲ್ಲಿ ಮುಚ್ಚಿಟ್ಟಿದ್ದೀನಿ. ಬೇಗ ಬರ್ತೀರಾ?"

ಬಲೆ ಬೀಸುವುದರಲ್ಲಿ ಪಳಗಿದ ನಮ್ಮ ಕಚೇರಿಯ ನಾಗರಾಜನನ್ನು ಕರೆದುಕೊಂಡು ಹೊರಟೆ. ಮುನಿರತ್ನಮ್ಮ ಮನೆಯಲ್ಲಿ ಕಾಯದೆ ರಸ್ತೆಗೇ ಬಂದು ನಿಂತಿದ್ದರು. ಜೀಪಿನಿಂದ ಇಳಿಯುವ ಮೊದಲೇ ಮಾತು ಶುರು ಮಾಡಿದರು. ಅವರ ಗಂಡ ಶ್ರೀರಾಮಪ್ಪ, ವಯಸ್ಸು ಐವತ್ತಾರು. ಐದು ಸೀಮೆ ಹಸುಗಳನ್ನು ಎರಡು ಹೊತ್ತೂ ಕೈಯಲ್ಲೇ ಕರೆಯುತ್ತಿದ್ದವರು. ಒಂದೂವರೆ ವರ್ಷದ ಹಿಂದೆ ಪಾರ್ಶ್ವವಾಯು ಹೊಡೆದು ಬಲಗೈ ಬಿತ್ತು, ಮಾತು ಹೋಯಿತು. ಕರೆಯುವ ಕೈ ಇಲ್ಲದೆ ಹಸುಗಳನ್ನು ಮಾರಿದರು. ಅಂದಿನಿಂದ ಅವರು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಮುಳಬಾಗಿಲಿನ ಫಿಸಿಯೋಥೆರಪಿಸ್ಟ್ ಹಿಸುಕಲು ಕೊಟ್ಟ ರಬ್ಬರ್ ಚೆಂಡನ್ನು ಎಡಗೈಯಲ್ಲಿ ಬೀದಿಗೆ ಎಸೆದರು.

"ನಾನೇನು ಎಳೇ ಮಗೂನಾ ಅಂತ ಕಣ್ಣಲ್ಲೇ ಬೈದ್ರು ಮೇಡಂ. ಮೀನು ಬಿಟ್ಟ್ ಮೇಲೆ ತಾವೇ ಎದ್ರು. ಬಲಗೈನಲ್ಲೇ ಮೇವು ಹಾಕ್ತಾರೆ. ಮೊದ್ಲು ಬೆರಳು ಮಡಿಸೋಕೇ ಆಗ್ತಿರ್ಲಿಲ್ಲ, ಈಗ ಒಂದು ಹಿಡಿ ಹಿಡೀತಾರೆ. ಮೀನು ಹೋದ್ರೆ ಇವರು ಮತ್ತೆ ಮಂಚ ಹಿಡೀತಾರೆ."

ನಾನು ಕೇಳಿಸಿಕೊಂಡೆ, ಮರುಕವೂ ಆಯಿತು. ಆದರೆ ಅದು ನನ್ನ ಕೆಲಸಕ್ಕೆ ಸಂಬಂಧಿಸಿದ ಮಾಹಿತಿ ಎಂದು ಆಗ ಅನಿಸಲಿಲ್ಲ. ಟಿಪ್ಪಣಿ ಪುಸ್ತಕದಲ್ಲಿ "ಎರಡು ದಿನದಲ್ಲಿ ಸಾವು: ಏಳು" ಎಂದಷ್ಟೇ ಬರೆದುಕೊಂಡೆ.

ಹೊಂಡ ನಲವತ್ತು ಅಡಿ ಉದ್ದ, ಅಷ್ಟೇ ಅಗಲ; ಒಳಗೆ ದಪ್ಪ ಪ್ಲಾಸ್ಟಿಕ್ ಹಾಸು. ಶ್ರೀರಾಮಪ್ಪ ಮೆಟ್ಟಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲು. ನನ್ನನ್ನು ನೋಡಿ ಎಡಗೈಯಿಂದ ಬಲಗೈಯನ್ನು ಎತ್ತಿ ಜೋಡಿಸಿ ನಮಸ್ಕಾರ ಮಾಡಿದರು. ನೀರಿನ ಕಡೆ ತಿರುಗಿ "ರಾ... ರಾ" ಎಂದರು. ಮನೆಯಲ್ಲಿ ತೆಲುಗು ಆಡುವವರು. 'ಬಾ' ಎಂಬ ಅದೊಂದು ಮಾತು ಅವರಿಗೆ ಉಳಿದಿತ್ತು. ರೋಹು ಮೀನುಗಳು ಬಂದವು. ಬಂದವು ಎನ್ನುವುದಕ್ಕಿಂತ ತೆವಳಿದವು ಎನ್ನಬೇಕು. ಎಂಟು ತಿಂಗಳ ಆರೋಗ್ಯವಂತ ಮೀನು ಮೇವಿಗೆ ಬಾಣದ ಹಾಗೆ ನುಗ್ಗುತ್ತದೆ. ಇವು ಮೇಲೆ ಬಂದು ಬಾಯಿ ತೆರೆದು ನಿಂತವು.

ನೀರಿನ ಮೂಲೆಗಳಲ್ಲಿ ಬಿಳಿ ನೊರೆ ಕಟ್ಟಿತ್ತು. ಮೇಲೆ ತೆಳ್ಳಗೆ ಎಣ್ಣೆಯ ಪದರ. ನಾಗರಾಜ ಬಲೆ ಬೀಸಿ ಹತ್ತು ಮೀನು ತೆಗೆದ. ಸರಾಸರಿ ತೂಕ ನಾನೂರು ಗ್ರಾಂ. ತಕ್ಕಡಿಯ ಮಟ್ಟಿಗೆ ಕುಂದಿಲ್ಲ. ಆದರೆ ಬೆನ್ನು ತೆಳ್ಳಗೆ, ಹೊಟ್ಟೆ ಉಬ್ಬಿಕೊಂಡಿತ್ತು. ಕೊಟ್ಟಿಗೆಯ ಹಿಂದೆ, ಶ್ರೀರಾಮಪ್ಪನವರ ಕಣ್ಣಿಗೆ ಬೀಳದ ಕಡೆ, ಬೆಳಿಗ್ಗೆ ಸತ್ತಿದ್ದ ಒಂದು ಮೀನನ್ನು ಕೊಯ್ದು ನೋಡಿದೆ. ಕರುಳಿನ ಸುತ್ತ ಬಿಳಿ ಕೊಬ್ಬು ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಕಡುಗೆಂಪಾಗಿರಬೇಕಾದ ಯಕೃತ್ತು ಹಳದಿಗೆ ತಿರುಗಿತ್ತು.

"ಮೀನಲ್ಲ ಮೇಡಂ, ಬೆಣ್ಣೆ ಡಬ್ಬ" ಎಂದ ನಾಗರಾಜ.

ಬಗ್ಗಿ ನೋಡಿದ ಮುನಿರತ್ನಮ್ಮನ ಮುಖ ಅರಳಿತು. "ಅಯ್ಯೋ, ಫ್ಯಾಟ್ ಎಷ್ಟು ಚೆನ್ನಾಗಿ ಬಂದೈತೆ! ಇಂಥಾ ಮೀನು ಯಾಕ್ ಸಾಯ್ತು ಮೇಡಂ?"

ಅವರು ತಮಾಷೆ ಮಾಡುತ್ತಿರಲಿಲ್ಲ. ಹತ್ತೊಂಬತ್ತು ವರ್ಷದಿಂದ ಊರಿನ ಹಾಲಿನ ಡೇರಿಯಲ್ಲಿ ಬೆಳಿಗ್ಗೆ ಸಂಜೆ ಹಾಲು ಪರೀಕ್ಷೆ ಮಾಡುವವರು ಅವರೇ. ಹಾಲಿನಲ್ಲಿ ಕೊಬ್ಬಿನ ಅಂಶ ಹೆಚ್ಚಿದ್ದರೆ ದರ ಹೆಚ್ಚು. ಕೋಲಾರದ ಕಡೆ ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲುವ ಎಲ್ಲರಿಗೂ ಫ್ಯಾಟ್ ಎಂದರೆ ಒಳ್ಳೆಯದು. ಕಡಿಮೆಯಾದರೆ ಮನೆಯಲ್ಲಿ ಜಗಳ. ಆ ಕಣ್ಣಿಗೆ ಈ ಮೀನು ಮೊದಲ ದರ್ಜೆಯದಾಗಿಯೇ ಕಂಡಿತು.

ನಾನು ವಿವರಿಸಿದೆ. ನಾವು ತಿನ್ನುವ ಮೀನು ಎಂದರೆ ಅದರ ಸ್ನಾಯು, ಬೆನ್ನಿನ ಎರಡೂ ಬದಿಯ ಮಾಂಸಖಂಡ. ಅದು ಬೆಳೆಯುವುದು ಮೇವಿನ ಪ್ರೋಟೀನಿನಿಂದ. ಅದರಲ್ಲೂ ಲೈಸಿನ್, ಮಿಥಿಯೋನಿನ್‌ನಂಥ ಅಮೈನೋ ಆಮ್ಲಗಳು ಸಾಲದಿದ್ದರೆ ಸ್ನಾಯು ಕಟ್ಟುವುದಿಲ್ಲ. ರೋಹುವಿಗೆ ಕೊಬ್ಬು ಸ್ವಲ್ಪ ಸಾಕು. ಮಿಕ್ಕಿದ್ದನ್ನು ಅದು ಹೊಟ್ಟೆಯಲ್ಲೂ ಯಕೃತ್ತಿನಲ್ಲೂ ತುಂಬಿಕೊಳ್ಳುತ್ತದೆ. ಮುಂಜಾನೆ ನೀರಿನಲ್ಲಿ ಆಮ್ಲಜನಕ ಇಳಿದಾಗ ಇಂಥ ಮೀನು ಮೊದಲು ಸೋಲುತ್ತದೆ.

"ಇಲಾಖೆ ಹೇಳಿದ ಮೇವಿನ ಜೊತೆ ಬೇರೆ ಏನು ಹಾಕ್ತಿದ್ದೀರಿ?" ಎಂದು ಕೇಳಿದೆ.

"ದೇವರಾಣೆ ಏನೂ ಇಲ್ಲ. ಅಳೆದು ಬಕೇಟಿಗೆ ಹಾಕಿಟ್ಟು ಡೇರಿಗೆ ಹೋಗ್ತೀನಿ. ಬೆಳಿಗ್ಗೇನೂ ಅಷ್ಟೆ, ಸಾಯಂಕಾಲಾನೂ ಅಷ್ಟೆ."

ಹಿಂದೆ ಕೋಲಿನ ಸದ್ದಾಯಿತು. ಶ್ರೀರಾಮಪ್ಪ ಎದ್ದು ಬಂದಿದ್ದರು. ಕೊಯ್ದ ಮೀನನ್ನು ನೋಡಿದರು, ಮುಚ್ಚಿಟ್ಟ ಬಕೇಟನ್ನು ನೋಡಿದರು. ಏನೂ ಮಾಡದೆ ಕೊಟ್ಟಿಗೆಯೊಳಗೆ ಹೋದರು. ಸ್ವಲ್ಪ ಹೊತ್ತಿಗೆ ಎಡಗೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲವನ್ನು ನೆಲದ ಮೇಲೆ ಎಳೆಯುತ್ತಾ ಬಂದು ನನ್ನ ಮುಂದೆ ನಿಲ್ಲಿಸಿದರು. ಬೈಪಾಸ್ ಫ್ಯಾಟ್. ಕರು ಹಾಕಿದ ಹಸು ಸೊರಗದಿರಲಿ, ಹಾಲಿನಲ್ಲಿ ಕೊಬ್ಬಿನ ಅಂಶ ಏರಲಿ ಎಂದು ಕೊಡುವ ಪುಡಿ. ತಾಳೆ ಎಣ್ಣೆಯ ಕೊಬ್ಬನ್ನು ಸುಣ್ಣದ ಅಂಶದ ಜೊತೆ ಸೇರಿಸಿ ಮಾಡುತ್ತಾರೆ. ಹಸುಗಳನ್ನು ಮಾರಿದಾಗ ಎರಡು ಚೀಲ ಉಳಿದಿದ್ದವು. ಒಂದು ಖಾಲಿಯಾಗಿತ್ತು, ಇದು ಅರ್ಧವಾಗಿತ್ತು. ನೀರಿನ ನೊರೆಗೂ ಎಣ್ಣೆ ಪದರಕ್ಕೂ ಕಾರಣ ಸಿಕ್ಕಿತು.

ಅವರು ಮೂರು ಬೆರಳು ತೋರಿಸಿ, ಹಿಡಿ ಮಾಡಿ, ಬಕೇಟಿನತ್ತ ಕೈ ಮಾಡಿದರು. ಒಂದು ಹೊತ್ತಿಗೆ ಮೂರು ಹಿಡಿ. ಹಸುವಿಗೆ ಕೊಡುತ್ತಿದ್ದ ಒಳ್ಳೆಯದನ್ನೇ ಮೀನಿಗೂ ಕೊಟ್ಟಿದ್ದರು.

"ಎಂದುಕಯ್ಯಾ ಚೇಸ್ತಿವಿ?" ಎಂದರು ಮುನಿರತ್ನಮ್ಮ. ಯಾಕಯ್ಯಾ ಹಿಂಗೆ ಮಾಡ್ದೆ ಎಂದು. ಬೈಯಲು ಎತ್ತಿದ ದನಿ ಆ ಮಾತು ಮುಗಿಯುವುದರೊಳಗೆ ಇಳಿದುಹೋಗಿತ್ತು. ಶ್ರೀರಾಮಪ್ಪ ಟವೆಲಿನಿಂದ ಬಾಯಿ ಮುಚ್ಚಿಕೊಂಡು ತಲೆ ತಗ್ಗಿಸಿದರು.

ನಾನು ಜೀಪಿನ ಬಾನೆಟ್ಟಿನ ಮೇಲೆ ಇಟ್ಟುಕೊಂಡು ಚೀಟಿ ಬರೆದೆ. ಬೈಪಾಸ್ ಫ್ಯಾಟ್ ತಕ್ಷಣ ನಿಲ್ಲಿಸುವುದು. ಕಾಲು ಭಾಗ ನೀರು ಬದಲಿಸುವುದು. ಏಳು ದಿನ ಮೇವು ಪೂರ್ತಿ ಬಂದ್. ಆಮೇಲೆ ದಿನಕ್ಕೆ ಮೂರು ಕಿಲೋ ಬದಲು ಒಂದು ಕಿಲೋ ನಾನೂರು ಗ್ರಾಂ. ಮುಂದಿನ ಸಾಲೂ ಬರೆದೆ: ಮೇವನ್ನು ಸಣ್ಣ ತೂತಿನ ಚೀಲದಲ್ಲಿ ತುಂಬಿ ಗಳುವಿಗೆ ಕಟ್ಟಿ ನೀರಿನಲ್ಲಿ ಇಳಿಬಿಡುವುದು, ಮೀನು ಬೇಕಾದಷ್ಟೇ ಕಚ್ಚಿ ತಿನ್ನುತ್ತದೆ, ಕೈಯಿಂದ ಎರಚುವ ಅಗತ್ಯ ಇಲ್ಲ. ಮೀನಿನ ಮಟ್ಟಿಗೆ ಇದರಲ್ಲಿ ತಪ್ಪಿರಲಿಲ್ಲ.

ಜೀಪು ತಿರುವು ದಾಟಿರಲಿಲ್ಲ, ಮುನಿರತ್ನಮ್ಮ ಚೀಟಿ ಹಿಡಿದು ಓಡಿ ಬಂದರು.

"ಮೇಡಂ, ಚೀಲ ಕಟ್ಟಿದ್ರೆ ಇವರು ಏನ್ ಮಾಡ್ಬೇಕು?"

ಜೀಪು ನಿಲ್ಲಿಸಿದೆವು.

"ಮೀನು ಬದುಕ್ಲಿ ಅಂತ ನಾನು ನಿಮ್ಮನ್ನ ಕರೀಲಿಲ್ಲ. ಆ ಕೈ ಬದುಕ್ಲಿ ಅಂತ ಕರ್ದೆ. ಕೋಪ ಮಾಡ್ಕೋಬೇಡಿ."

ಚೀಟಿ ವಾಪಸು ತೆಗೆದುಕೊಂಡು ಹರಿದೆ. ಜೀಪನ್ನು ಹಿಂದಕ್ಕೆ ತಿರುಗಿಸಿದೆವು.

ಮೇವು ಕಡಿಮೆಯಾಗಲೇಬೇಕು; ಅದರಲ್ಲಿ ರಾಜಿಯಿಲ್ಲ. ಆದರೆ ಒಂದು ಹೊತ್ತಿನ ಏಳುನೂರು ಗ್ರಾಂ ಹಿಡಿಯಲ್ಲಿ ಎಸೆದರೆ ಐದು ನಿಮಿಷದಲ್ಲಿ ಮುಗಿಯುತ್ತದೆ. ಹೊಂಡದ ಬಳಿ ಕೂತು ಬಕೇಟಿನಿಂದ ಒಂದು ಚಿಟಿಕೆ ಎತ್ತಿದೆ. ಹೆಬ್ಬೆರಳು ಮತ್ತು ಎರಡು ಬೆರಳಿಗೆ ಮೇವಿನ ಹತ್ತಿಪ್ಪತ್ತು ಕಾಳು ಬಂದವು. ಚಿಟಿಕೆ ಚಿಟಿಕೆಯಾಗಿ ಹಾಕಿದರೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಹಾಕಿದ್ದನ್ನು ಮೀನು ತಿಂದು ಮುಗಿಸಿದ ಮೇಲೆಯೇ ಮುಂದಿನದು ಬೀಳುವುದರಿಂದ ಒಂದು ಕಾಳೂ ನೀರಿನಲ್ಲಿ ಕೊಳೆಯುವುದಿಲ್ಲ. ಆದರೆ ಆ ಕೈಗೆ ಅದು ಆಗುತ್ತದೆಯೇ ಎಂದು ನಾನು ಹೇಳುವಂತಿರಲಿಲ್ಲ. ಮುನಿರತ್ನಮ್ಮ ಅಲ್ಲಿಂದಲೇ ಫಿಸಿಯೋಥೆರಪಿಸ್ಟ್‌ಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು.

"ಚಿಟಿಕೆ ಹಿಡಿಯೋದು ಹಿಡಿಗಿಂತ ಕಷ್ಟ ಕಣಮ್ಮ" ಎಂದರು ಆತ. "ಮೊದಮೊದಲು ಎಲ್ಲಾ ಜಾರಿ ಬೀಳುತ್ತೆ. ಆದರೆ ಅವರಿಗೆ ಬೇಕಾಗಿರೋದು ಅದೇ."

ಶ್ರೀರಾಮಪ್ಪ ಬಕೇಟಿಗೆ ಕೈ ಹಾಕಿದರು. ಹೆಬ್ಬೆರಳು ಬೆರಳುಗಳನ್ನು ಮುಟ್ಟಲಿಲ್ಲ. ಮೂರನೇ ಸಲ ಒಂದು ಕಾಳು ಬಂತು. ಎತ್ತುವಷ್ಟರಲ್ಲಿ ಅದೂ ಅವರ ಕಾಲ ಬಳಿಯೇ ಬಿತ್ತು.

"ಒಂದು ಕಾಳಾ? ನಮ್ ತಾಲ್ಲೂಕಲ್ಲೇ ಇಷ್ಟು ಜುಗ್ಗ ರೈತ ಇಲ್ಲ ಬಿಡಣ್ಣೋ" ಎಂದ ನಾಗರಾಜ. ನಾನು ಅವನನ್ನು ಗದರಿಸುವ ಮೊದಲೇ ಶ್ರೀರಾಮಪ್ಪ ನಕ್ಕರು. ಬಾಯಿಯ ಒಂದೇ ಬದಿ ನಗುತ್ತಿತ್ತು.

ಉಳಿದದ್ದು ಮೀನಿನ ಏಳು ದಿನದ ಉಪವಾಸ; ಅಷ್ಟು ದಿನ ಆ ಕೈಗೆ ಹೊಂಡದಲ್ಲಿ ಕೆಲಸವಿಲ್ಲ. ಎರಡು ಬಟ್ಟಲು ಇಟ್ಟುಕೊಂಡು ಮನೆಯಲ್ಲೇ ಕಾಳನ್ನು ಒಂದರಿಂದ ಇನ್ನೊಂದಕ್ಕೆ ಎತ್ತಿ ಹಾಕುವುದು ಎಂದು ತೀರ್ಮಾನವಾಯಿತು. ಎರಡನೆಯ ದಿನ ಮುನಿರತ್ನಮ್ಮ ಫೋನ್ ಮಾಡಿದರು. ಶ್ರೀರಾಮಪ್ಪ ಮಂಚದಿಂದ ಏಳಲಿಲ್ಲವಂತೆ, ಗೋಡೆಗೆ ತಿರುಗಿದ್ದಾರಂತೆ. ಆ ಬೆಳಿಗ್ಗೆ ಇನ್ನೂ ಎರಡು ಮೀನು ಸತ್ತಿದ್ದವು. ಅವತ್ತು ನಾನು ಮೇವಿನ ಪ್ರಮಾಣವನ್ನು ಮೂರು ಸಲ ಮತ್ತೆ ಲೆಕ್ಕ ಹಾಕಿದೆ. ಲೆಕ್ಕ ಸರಿಯಾಗಿತ್ತು. ಅದರಿಂದ ಸಮಾಧಾನವೇನೂ ಆಗಲಿಲ್ಲ.

ನಾಲ್ಕನೆಯ ದಿನ ಹೇಳದೆ ಹೋದೆ. ಮಂಚ ಖಾಲಿ. ಮುನಿರತ್ನಮ್ಮ ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ಹಿತ್ತಿಲಿಗೆ ಕರೆದೊಯ್ದರು. ಹೊಂಡದಿಂದ ದೂರ, ಹುಣಸೆ ಮರದ ಮರೆಯಲ್ಲಿ ಶ್ರೀರಾಮಪ್ಪ ಕೂತಿದ್ದರು. ತೊಡೆಯ ಮೇಲೆ ಎರಡು ಬಟ್ಟಲು.

"ಹೆಜ್ಜೆ ಸದ್ದಿಗೇ ಮೀನು ಮೇಲಕ್ಕೆ ಬರ್ತಾವಲ್ಲ ಮೇಡಂ. ಊಟ ಇಲ್ದೆ ಕರೀಬಾರ್ದು ಅಂತ ಇವರದ್ದು. ಅದಕ್ಕೇ ಹೊಂಡದ ಕಡೆ ಬರದೆ ತೋಟ ಸುತ್ಕೊಂಡು ಹೋಗಿ ಅಲ್ಲಿ ಕೂತ್ಕೋತಾರೆ. ನಿನ್ನೆಯಿಂದ. ಮೀನಿಗೆ ಮುಖ ತೋರ್ಸೋಕೆ ನಾಚ್ಕೆಯಂತೆ!"

ಅವರ ಬೆರಳುಗಳ ನಡುವೆ ಕಾಳು ನಿಲ್ಲುತ್ತಿತ್ತು. ಎರಡು, ಒಮ್ಮೊಮ್ಮೆ ಮೂರು. ಹತ್ತಿರ ಹೋಗದೆ ವಾಪಸು ಬಂದೆ.

ಎರಡನೆಯ ದಿನ ಸತ್ತ ಆ ಎರಡರ ನಂತರ ಮೀನು ಸಾಯಲಿಲ್ಲ. ಎಂಟನೆಯ ದಿನ ಮೇವು ಶುರುವಾದಾಗ ಒಂದು ಹೊತ್ತಿನದನ್ನು ಮುಗಿಸಲು ಅವರಿಗೆ ಎರಡು ಗಂಟೆ ಬೇಕಾಯಿತಂತೆ. ಏಪ್ರಿಲ್ ಕೊನೆಗೆ ಒಂದು ಗಂಟೆ ಸಾಕಾಯಿತು. ಪ್ರತಿ ತಿಂಗಳು ನಾನು ಹೋಗಿ ಹತ್ತು ಮೀನು ತೂಗುತ್ತಿದ್ದೆ. ಜೂನ್ ಹೊತ್ತಿಗೆ ಬೆನ್ನು ತುಂಬಿಕೊಂಡಿತ್ತು, ಹೊಟ್ಟೆ ಇಳಿದಿತ್ತು. ನಾಗರಾಜನ ಕೈಯಿಂದ ಒಂದು ಮೀನು ಚಿಮ್ಮಿ ಅವನ ಕೆನ್ನೆಗೆ ಬಾಲದಿಂದ ಹೊಡೆಯಿತು. ಶ್ರೀರಾಮಪ್ಪ ಮತ್ತೆ ಒಂದು ಬದಿಯಲ್ಲಿ ನಕ್ಕರು.

ಆಗಸ್ಟ್‌ನಲ್ಲಿ ಮೀನು ಹಿಡಿದೆವು. ಇನ್ನೂರ ಮೂವತ್ತೊಂದು ಮೀನು, ಸರಾಸರಿ ಎಂಟುನೂರ ಐವತ್ತು ಗ್ರಾಂ. ತಾಯಲೂರಿನ ವ್ಯಾಪಾರಿ ಹೊಂಡದ ಹತ್ತಿರವೇ ಬಂದು ಕೊಂಡ. ಬಲೆ ಎಳೆಯುವಾಗ ಶ್ರೀರಾಮಪ್ಪ ಬರಲಿಲ್ಲ, ನಾವೂ ಕರೆಯಲಿಲ್ಲ. ಮಧ್ಯಾಹ್ನ ಊಟಕ್ಕೆ ನಿಲ್ಲಿಸಿಕೊಂಡರು. ಮುದ್ದೆ, ಮೀನಿನ ಸಾರು. ಶ್ರೀರಾಮಪ್ಪ ತಾವೇ ಸಾಕಿದ ಮೀನನ್ನು ತಿನ್ನುತ್ತಾರೋ ಇಲ್ಲವೋ ಎಂದು ನನಗೆ ಅನುಮಾನವಿತ್ತು.

ರೋಹು ರುಚಿಯ ಮೀನು, ಆದರೆ ಅದರ ಮಾಂಸದೊಳಗೆ ಕೂದಲಿನಂಥ ಮುಳ್ಳುಗಳಿರುತ್ತವೆ. ಪಾರ್ಶ್ವವಾಯು ಬಡಿದ ಮೇಲೆ ಅವರಿಗೆ ಮೀನು ಬಿಡಿಸಿ ತಿನ್ನಿಸುತ್ತಿದ್ದವರು ಮುನಿರತ್ನಮ್ಮ. ಅಂದೂ ಅವರು ಕೈ ಚಾಚಿದರು. ಶ್ರೀರಾಮಪ್ಪ ಎಡಗೈಯಿಂದ ಆ ಕೈಯನ್ನು ಮೆಲ್ಲಗೆ ಸರಿಸಿದರು. ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನಿಂದ ಒಂದು ಮುಳ್ಳು ಹಿಡಿದು ಎಳೆದು ತಟ್ಟೆಯ ಅಂಚಿಗಿಟ್ಟರು. ಇನ್ನೊಂದು. ಮತ್ತೊಂದು. ಮುಳ್ಳು ತೆಗೆದ ತುಂಡನ್ನು ಅವರು ತಮ್ಮ ಬಾಯಿಗೆ ಹಾಕಿಕೊಳ್ಳದೆ ಹೆಂಡತಿಯ ತಟ್ಟೆಗೆ ಇಟ್ಟು, "ತಿನು" ಎಂದರು. ಅವರ ಬಾಯಲ್ಲಿ ನಾನು ಕೇಳಿದ ಎರಡನೆಯ ಮಾತು ಅದು.

ನಮ್ಮ ಇಲಾಖೆಯ ಮೇವಿನ ಚೀಟಿಯಲ್ಲಿ ನಾಲ್ಕು ಖಾನೆಗಳಿದ್ದವು: ಹೊಂಡದ ಅಳತೆ, ಮೀನಿನ ಸಂಖ್ಯೆ, ಸರಾಸರಿ ತೂಕ, ದಿನದ ಮೇವು. ಉಳಿದ ಸೇವಾವಧಿಯಲ್ಲಿ ನಾನು ಪ್ರತಿ ಚೀಟಿಯ ಮೇಲೂ ಪೆನ್ನಿನಿಂದ ಐದನೆಯದೊಂದನ್ನು ಎಳೆದುಕೊಳ್ಳುತ್ತಿದ್ದೆ: ಮೇವು ಹಾಕುವವರು ಯಾರು? ಕೆಲವರಿಗೆ ಈ ಪ್ರಶ್ನೆ ವಿಚಿತ್ರವಾಗಿ ಕಾಣುತ್ತಿತ್ತು. ಆದರೂ ಅದಕ್ಕೆ ಉತ್ತರ ಸಿಗುವವರೆಗೆ ನಾನು ನಾಲ್ಕನೆಯ ಖಾನೆಯನ್ನು ತುಂಬುತ್ತಿರಲಿಲ್ಲ.