ಮೂರು ವಾರ ಹಳೆಯ ಬೆಟ್ಟ

ಬೆಟ್ಟದ ದಿನ ಬಂತೆಂದರೆ ಅವ್ವ ಅವಲಕ್ಕಿಗೆ ಎರಡು ಹಿಡಿ ಶೇಂಗಾ ಹೆಚ್ಚು ಹಾಕುತ್ತಿದ್ದಳು. ಆ ಸಂಜೆ ನಮ್ಮ ಮನೆ ಮುಂದಿನ ಗ್ಯಾಲರಿಯಲ್ಲಿ ಇಡೀ ಬಿಲ್ಡಿಂಗ್ ಸೇರುವುದು ಗ್ಯಾರಂಟಿ. ಬೆಟ್ಟವಿದ್ದದ್ದು ಫ್ರಾನ್ಸಿನಲ್ಲಿ, ಗ್ಯಾಲರಿ ಬೊಂಬಾಯಿಯ ಘಾಟ್ಕೋಪರಿನಲ್ಲಿ. ಆ ದೇಶವನ್ನು ಸೈಕಲ್ ಮೇಲೆ ಸುತ್ತುವ ದೊಡ್ಡ ರೇಸ್ ಪ್ರತಿವರ್ಷ ನಮ್ಮ ಮಳೆಗಾಲದಲ್ಲಿ ನಡೆಯುತ್ತದೆ. ಐವತ್ತರ ದಶಕದ ನಡುವಿನ ಎರಡು ಮೂರು ವರ್ಷ ಅದರ ಪರಮಭಕ್ತರೊಬ್ಬರು ನಮ್ಮ ಎರಡನೇ ಮಾಳಿಗೆಯಲ್ಲಿ ವಾಸವಾಗಿದ್ದರು. ಧಾರವಾಡದ ನನ್ನ ಅಪ್ಪ. ಅಂದಹಾಗೆ, ಅವರಿಗೆ ಸೈಕಲ್ ಹೊಡೆಯಲು ಬರುತ್ತಿರಲಿಲ್ಲ.

ಅಪ್ಪ ಫೋರ್ಟಿನ ಒಂದು ಶಿಪ್ಪಿಂಗ್ ಆಫೀಸಿನಲ್ಲಿ ಕ್ಲರ್ಕ್. ಫ್ರೆಂಚ್ ಹಡಗಿನವರು ಓದಿ ಬಿಟ್ಟ ಸ್ಪೋರ್ಟ್ಸ್ ಪೇಪರುಗಳ ಕಟ್ಟೊಂದನ್ನು ನನ್ನ ಪುಸ್ತಕಗಳಿಗೆ ಕವರ್ ಹಾಕಲೆಂದು ಮನೆಗೆ ತಂದರು. ಅದರಲ್ಲಿ ಗರಗಸದ ಹಲ್ಲಿನಂಥ ಒಂದು ಚಿತ್ರ: ಮರುದಿನ ಸವಾರರು ಹತ್ತಬೇಕಾದ ಆಲ್ಪ್ಸ್ ಬೆಟ್ಟಗಳ ಏರಿಳಿತ. ಅಪ್ಪನ ಕೈಯಲ್ಲಿದ್ದ ಕತ್ತರಿ ನಿಂತಿತು.

“ನಮ್ಮವ್ವ, ಕಾನ್ವೆಂಟಿನ್ಯಾಗ ಫ್ರೆಂಚ್ ಕಲೀಲಿಕ್ಹತ್ತೀಯಲ್ಲಾ, ಇದೇನದ ಓದಿ ಹೇಳು.”

ನನ್ನ ಫ್ರೆಂಚ್ ಎಂಥದೆಂದರೆ, ಕಲಿಸಿದ ಸಿಸ್ಟರ್ ಐರ್ಲೆಂಡಿನವರು, ಕಲಿಸಿದ್ದು ಇಂಗ್ಲಿಷಿನಲ್ಲಿ, ಕಲಿತದ್ದು ಪ್ರಾರ್ಥನೆಗಳನ್ನು. ಸಂಕಟ, ಪಶ್ಚಾತ್ತಾಪ, ಶಿಲುಬೆ, ಸ್ವರ್ಗ, ಇಷ್ಟಕ್ಕೆ ನನಗೆ ಪದಗಳು ಗೊತ್ತಿದ್ದವು. ಲಕ್ಕಿಲಿ, ಬೆಟ್ಟ ಹತ್ತುವವರ ಬಗ್ಗೆ ಆ ವರದಿಗಾರರು ಬಳಸುತ್ತಿದ್ದುದೂ ಬಹುಪಾಲು ಅವೇ ಪದಗಳು. ಉಳಿದದ್ದನ್ನು ನಾನು ತುಂಬುತ್ತಿದ್ದೆ.

ನಮ್ಮ ಕೈಗೆ ಬರುವಷ್ಟರಲ್ಲಿ ಪೇಪರಿಗೆ ಮೂರು ವಾರ ವಯಸ್ಸಾಗಿರುತ್ತಿತ್ತು. ಅಪ್ಪನ ಡಿಸಿಪ್ಲಿನ್ ನೋಡಿ: ಬಂದ ಕಟ್ಟನ್ನು ತಾರೀಖಿನ ಪ್ರಕಾರ ಜೋಡಿಸಿ, ಟ್ರಂಕಿನಲ್ಲಿಟ್ಟು ಬೀಗ ಹಾಕಿ, ದಿನಕ್ಕೆ ಒಂದೇ ಒಂದು ಹೊರಗೆ. ರೇಸ್ ಮುಗಿದು, ಗೆದ್ದವನು ಊರಿಗೆ ಹೋಗಿ ಕಾಲು ಚಾಚಿ ಮಲಗಿರುವ ಹೊತ್ತಿನಲ್ಲಿ ನಾವು ‘ನಾಳೆ ಬೆಟ್ಟದಲ್ಲಿ ಏನಾಗುತ್ತದೋ’ ಎಂದು ಉಗುರು ಕಚ್ಚುತ್ತ ಕೂತಿರುತ್ತಿದ್ದೆವು. ಬೊಂಬಾಯಿಯ ಇಂಗ್ಲಿಷ್ ಪೇಪರಿನಲ್ಲಿ ಪ್ರತಿದಿನದ ಫಲಿತಾಂಶ ಎರಡು ಸಾಲು ಆಗಲೇ ಬಂದಿರುತ್ತಿತ್ತು. ಅದನ್ನು ಓದುವುದು ಮಹಾಪಾಪ. “ಆಫೀಸಿನ್ಯಾಗ ಸುದ್ದಾ ನಾ ಆ ಪುಟಾ ತಗ್ಯೂದಿಲ್ಲ” ಎಂದು ಅಪ್ಪ ಜನಿವಾರ ಹಿಡಿದು ಆಣೆ ಮಾಡಿದ್ದರು.

ಈಗ ಮೊಮ್ಮಕ್ಕಳ ಟಿವಿಯಲ್ಲಿ ಎಲ್ಲವೂ ಲೈವ್. ಬೆಟ್ಟ ಕಾಯಿಸುವುದೇ ಇಲ್ಲ. ನನಗೋ, ಮನೆಯ ಮುಂದಿನ ಮೂರು ಮೆಟ್ಟಿಲೇ ಆಲ್ಪ್ಸ್ ಆಗಿದೆ.

ಆಗ ನನಗೆ ಹದಿಮೂರು, ಮತ್ತು ನನಗೆ ಬೇಕಾಗಿದ್ದುದು ಒಂದು ಸೈಕಲ್. ಕ್ಲಾಸಿನ ಪಾರ್ಸಿ ಹುಡುಗಿಯರು ಬೆಲ್ ಬಾರಿಸುತ್ತ ಸ್ಕೂಲ್ ಗೇಟಿನೊಳಗೆ ನುಗ್ಗುವಾಗ ನಾನು ಅರ್ಧ ಗಂಟೆ ಕೆಸರು ತುಳಿದು, ಬಿಳಿ ಸಾಕ್ಸ್ ಕಂದಾಗಿ, ಅಸೆಂಬ್ಲಿಗೆ ಲೇಟಾಗಿ ಹಿಂದೆ ನಿಲ್ಲುತ್ತಿದ್ದೆ. ಅಷ್ಟು ದೂರ ಆಗದಿದ್ದರೆ ಕಾನ್ವೆಂಟು ಬಿಡಿಸಿ ಪಕ್ಕದ ಶಾಲೆಗೆ ಹಾಕುವುದಾಗಿ ಅಪ್ಪ ಎರಡು ಸಲ ಅಂದೂ ಆಗಿತ್ತು. ಸೈಕಲ್ ಎಂದರೆ ಮಾತ್ರ, “ಹೆಣ್ಣುಮಕ್ಕಳು ಸೈಕಲ್ ಹೊಡದ್ರ ನೋಡಿದವರು ಏನಂದಾರು?” ಯಾರೋ ಕಾಣದ ಫ್ರೆಂಚ್ ಸವಾರನ ಟೈರು ಪಂಕ್ಚರ್ ಆದರೆ ಅರ್ಧ ಊಟಕ್ಕೆ ಏಳುವ ಮನುಷ್ಯ ಇವರೇ.

ಆ ವರ್ಷ ನಮ್ಮೆಲ್ಲರ ಹೀರೋ ಒಬ್ಬ ಕುಳ್ಳ ಸವಾರ. ಸಪಾಟು ರಸ್ತೆಯಲ್ಲಿ ಎಲ್ಲರಿಗಿಂತ ಹಿಂದೆ, ಏರು ಬಂದರೆ ಎಲ್ಲರಿಗಿಂತ ಮುಂದೆ ಎಂದು ಪೇಪರು ಹೇಳುತ್ತಿತ್ತು. ದೊಡ್ಡ ಬೆಟ್ಟದ ಹಿಂದಿನ ಸಂಜೆ ಅಪ್ಪ ಗರಗಸದ ಚಿತ್ರವನ್ನು ಕತ್ತರಿಸಿ ಕ್ಯಾಲೆಂಡರಿನ ಪಕ್ಕ ಅಂಟಿಸಿದರು. ಕೆಳಗಿನ ಮಾಳಿಗೆಯ ಉಡುಪಿಯವರೊಬ್ಬರು, ಫೋರ್ಟಿನ ಹೋಟೆಲೊಂದರಲ್ಲಿ ಮ್ಯಾನೇಜರಾಗಿದ್ದವರು, ಕನ್ನಡಕ ಏರಿಸಿ ನೋಡಿದರು.

“ಎಂತದು ಮಾರಾಯ್ರೇ ಇದು! ನಮ್ಮ ಖಂಡಾಲ ಘಾಟಿಗೆ ರೈಲು ಹತ್ಬೇಕಾದ್ರೇ ಹಿಂದಿಂದ ಇನ್ನೊಂದು ಇಂಜಿನ್ ನೂಕ್ಬೇಕು. ಇವ ಒಬ್ಬನೇ ಹತ್ತೂದಾ?”

“ಹತ್ತತಾನ. ಕುಳ್ಳ ಇದ್ದವರಿಗೆ ಉಸಿರು ಭಾಳ,” ಎಂದರು ಅಪ್ಪ, ಸ್ವತಃ ಐದಡಿ ಮೂರಿಂಚು.

“ದಿನಾ ಸೈಕಲ್ ಪಾರಾಯಣ ಮಾಡ್ತೀರಿ, ಆ ಮಗು ಕೆಸರಲ್ಲಿ ನಡೀತದೆ. ಅದಕ್ಕೊಂದು ಸೈಕಲ್ ಕೊಡ್ಸ್ಲಿಕ್ಕೆ ನಿಮಗೆ ಎಂತದು ಧಾಡಿ?”

ಗ್ಯಾಲರಿ ನಕ್ಕಿತು. ಅವ್ವ ಒಳಗಿನಿಂದಲೇ, “ಹಂಗ ಕೇಳ್ರಿ ಅಣ್ಣಾ, ಜೋರಾಗಿ ಕೇಳ್ರಿ” ಎಂದಳು. ಅಪ್ಪ ಒಂದು ಕ್ಷಣ ಚಿತ್ರ ನೋಡಿದರು. ಆಮೇಲೆ, ಇಷ್ಟು ಸುಲಭವಾಗಿ ಅವರು ಏನನ್ನೂ ಒಪ್ಪಿದವರಲ್ಲ, ತೊಡೆ ತಟ್ಟಿಬಿಟ್ಟರು.

“ಆತು! ನಾಳೆ ಆ ಕುಳ್ಳ ಮೊದಲ ಬರ್ಲಿ, ಕೊಡಸ್ತೇನಿ. ಬರಲಿಲ್ಲಾಂದ್ರ ಈ ಮನ್ಯಾಗ ಯಾರೂ ಸೈಕಲ್ ಸುದ್ದಿ ತಗೀಬಾರದು. ಶಾಲಿ ಬಿಡಸೂದ ಹೌದು.”

ಮೂರು ವಾರದ ಹಿಂದೆ ಮುಗಿದುಹೋದ ಬೆಟ್ಟಕ್ಕಾಗಿ ನಾನು ಮರುದಿನ ಚಾಪೆಲ್‌ನಲ್ಲೂ, ಮನೆಯ ದೇವರ ಮುಂದೆಯೂ ಹರಕೆ ಹೊತ್ತೆ. ಯಾವ ಕಡೆಯವರಿಗೆ ಕಾಲವನ್ನು ಹಿಂದಕ್ಕೆ ತಿರುಗಿಸಲು ಬರುತ್ತದೋ ಯಾರಿಗೆ ಗೊತ್ತು.

ಸಂಜೆ ಅಪ್ಪ ಲೋಕಲ್ ಇಳಿದು ಬಂದು, ಕೈಕಾಲು ತೊಳೆದು, ಅಂಗಿ ತೆಗೆದು ಗೂಟಕ್ಕೆ ಹಾಕಿ, ಟ್ರಂಕಿನ ಬೀಗ ತೆಗೆದರು. ಅವಲಕ್ಕಿ ಬಂತು. ನಾನು ಪೇಪರು ಬಿಚ್ಚಿ ಮೊದಲ ಸಾಲು ಓದಿಕೊಂಡೆ. ಕುಳ್ಳ ಗೆಲ್ಲುವುದಿರಲಿ, ಮೂರನೇ ತಿರುವಿನಲ್ಲಿ ಹೊಟ್ಟೆ ಹಿಡಿದುಕೊಂಡು ಇಳಿದು ರೇಸನ್ನೇ ಬಿಟ್ಟಿದ್ದ. ಹಿಂದಿನ ರಾತ್ರಿ ತಿಂದ ಮೀನು ಅವನಿಗೆ ಆಗಿಬಂದಿರಲಿಲ್ಲ.

“ಏನಾತs? ಓದು!”

ಮಾರಲ್ ಸೈನ್ಸಿನಲ್ಲಿ ನನಗೆ ಸತತ ಮೂರು ವರ್ಷ ಪ್ರೈಜ್. ನಾನು ಹೇಳಿದೆ: “ಕುಳ್ಳ ಫಸ್ಟ್ ಬಂದ.”

ಗ್ಯಾಲರಿ ಎದ್ದು ನಿಂತಿತು. ಆಮೇಲೆ ನನ್ನನ್ನು ತಡೆಯುವವರೇ ಇರಲಿಲ್ಲ. ಅವನು ಶಿಲುಬೆ ಹೊತ್ತವನಂತೆ ಹತ್ತಿದ, ಸ್ವರ್ಗದ ಬಾಗಿಲು ಕಂಡ, ಹಿಂದೆ ಬಿದ್ದವರು ಪಶ್ಚಾತ್ತಾಪಪಟ್ಟರು. ಅಷ್ಟರಲ್ಲಿ ಮ್ಯಾನೇಜರು ಪುಟ ತಿರುವಿದರು. ಅರ್ಧ ಪುಟದ ಫೋಟೋ: ಕುಳ್ಳ ರಸ್ತೆ ಬದಿಯ ಕಲ್ಲಿನ ಮೇಲೆ ತಲೆ ಹಿಡಿದು ಕೂತಿದ್ದಾನೆ, ಸೈಕಲ್ ಅಡ್ಡಬಿದ್ದಿದೆ.

“ಇದೆಂತ ಮಗಾ, ಗೆದ್ದವ ಹೀಗೆ ಕೂತದ್ದು?”

“ಗೆದ್ದ ಸಂತೋಷಕ್ಕೆ ಅಳ್ತಿದ್ದಾನೆ ಅಂಕಲ್.”

“ಪಾಪ, ಅಮ್ಮನ ನೆನಪಾಯ್ತೋ ಎಂತದೋ,” ಎಂದು ಮ್ಯಾನೇಜರು ಕನ್ನಡಕ ಒರೆಸಿಕೊಂಡರು. ಅವ್ವ ಸೆರಗು ಕಣ್ಣಿಗೊತ್ತಿದಳು. ಅಪ್ಪ ಮಾತ್ರ ಆ ಫೋಟೋವನ್ನು ತುಂಬ ಹೊತ್ತು ನೋಡಿದರು.

“ಫಸ್ಟ್ ಬಂದಾ ಅಂತ ಬರದದ?”

“ಹೌದಪ್ಪಾ. ಹಂಗs ಬರದದ.”

ಅವರು ಎದೆಯ ಮೇಲಿನ ಜನಿವಾರವನ್ನು ಸುಮ್ಮನೆ ಸರಿಮಾಡಿಕೊಂಡು, ಅವಲಕ್ಕಿಗೆ ಕೈ ಹಾಕಿದರು.

ರೇಸ್ ಪ್ಯಾರಿಸ್ ಮುಟ್ಟಲು ಇನ್ನೂ ಎಂಟು ದಿನವಿತ್ತು. ಆ ಎಂಟೂ ದಿನ ಹೊಟ್ಟೆನೋವಿನ ಆ ಮನುಷ್ಯನನ್ನು ನಾನೊಬ್ಬಳೇ ಸೈಕಲ್ ಹೊಡೆಸಿದೆ. ಕೊನೆಗೆ ಆರನೇ ಸ್ಥಾನ ಕೊಟ್ಟೆ. ಸುಳ್ಳಿಗೂ ಸ್ವಲ್ಪ ಮಾಡೆಸ್ಟಿ ಇರಲೆಂದು. ಅಪ್ಪ ದಿನಾ ಕೂತು ಕೇಳಿದರು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಖಂಡೇನವಮಿಯ ದಿನ, ಆಯುಧಪೂಜೆಗೆ ಸರಿಯಾಗಿ, ಸೈಕಲ್ ಬಂತು. ಸೆಕೆಂಡ್ ಹ್ಯಾಂಡ್, ಲೇಡೀಸ್, ಹ್ಯಾಂಡಲಿಗೆ ಝೆಂಡೂ ಹೂವಿನ ಮಾಲೆ. ಇಡೀ ಬಿಲ್ಡಿಂಗಿನ ಎದುರು ಕೊಟ್ಟ ಮಾತು, ತಪ್ಪುವ ಹಾಗಿರಲಿಲ್ಲ. ಕುಂಕುಮ ಹಚ್ಚಿ, ಅಪ್ಪ ನನ್ನನ್ನು ಬಿಲ್ಡಿಂಗಿನ ಹಿಂದಿನ ಗುಡ್ಡದ ರಸ್ತೆಗೆ ಕರೆದೊಯ್ದರು. ತಾವು ಸೈಕಲ್ ಏರದಿದ್ದರೇನು, ಆಲ್ಪ್ಸ್ ಹತ್ತುವ ವಿಧಾನ ಅವರಿಗೆ ಬಾಯಿಪಾಠ. ಧೋತರ ಎತ್ತಿ ಕಟ್ಟಿ, ಸೀಟು ಹಿಡಿದು, ಖಂಡಾಲದ ಹಿಂದಿನ ಇಂಜಿನ್ನಿನ ಹಾಗೆ ಏದುಸಿರು ಬಿಡುತ್ತ ನೂಕಿದರು. ಏರಿನ ನಡುವೆ ಹ್ಯಾಂಡಲ್ ಓಲಾಡಿ ನಾನು ಕಾಲು ಕೆಳಗಿಡಲು ಹೋದೆ.

“ಇಳೀಬ್ಯಾಡ!” ಎಂದು ಹಿಂದಿನಿಂದ ಕೂಗಿದರು. “ಆ ಕುಳ್ಳ ಹೊಟ್ಟಿ ಹಿಡಕೊಂಡು ಅರ್ಧಕ್ಕ ಇಳದಾ. ನೀ ಇಳೀಬ್ಯಾಡ!”

ಪೆಡಲ್ ತುಳಿಯುತ್ತಲೇ ನನಗೆ ಎಲ್ಲವೂ ಹೊಳೆಯಿತು. ಆಣೆ ಮಾಡಿದ ಅಪ್ಪ ಫೋರ್ಟಿನ ಆಫೀಸಿನಲ್ಲಿ ಆ ಎರಡು ಸಾಲು ಮೂರು ವಾರ ಮೊದಲೇ ಓದಿದ್ದರು. ಸೋತವನೆಂದು ಗೊತ್ತಿದ್ದೇ ಕುಳ್ಳನ ಮೇಲೆ ಪಂಥ ಕಟ್ಟಿದ್ದರು. ನನ್ನ ಸುಳ್ಳು ಹಿಡಿದುಕೊಟ್ಟರೆ ಅವರ ಜನಿವಾರ ಸಿಕ್ಕಿಬೀಳುತ್ತಿತ್ತು.

“ಅಪ್ಪಾ, ನಿಮಗ ಹೆಂಗ ಗೊತ್ತು?”

“ನಿನಗ ಹೆಂಗ ಗೊತ್ತೋ ಹಂಗ,” ಎಂದರು ಅಪ್ಪ. “ಮುಂದ ನೋಡಿ ತುಳಿ. ಎಮ್ಮಿ ಬರ್ಲಿಕ್ಹತ್ತದ.”