ಮಂಜುಗಡ್ಡೆ ಇಲ್ಲದ ಡಬ್ಬಿ

ಬೆಳಗಿನ ಐದೂಕಾಲು. ಹೆರಿಗೆ ಕೋಣೆಯಿಂದ ಮಗುವಿನ ಅಳು ಕೇಳಿದ್ದೇ ತಡ, ಹೊರಗೆ ಬೆಂಚಿನ ಮೇಲೆ ಕೂತಿದ್ದ ಸುಗಲಮ್ಮ ಸೆರಗು ಸಿಕ್ಕಿಸಿ ಎದ್ದು ನಿಲ್ಲುತ್ತಾರೆ. ಕತ್ತರಿಸಿದ ಹೊಕ್ಕುಳಬಳ್ಳಿಯಲ್ಲಿ ಉಳಿದ ರಕ್ತವನ್ನು ನರ್ಸ್ ಕೊಳವೆಗೆ ತುಂಬಿಸಿ ಕೊಡುತ್ತಾರೆ. ನಾಲ್ಕು ತಾಸಿನೊಳಗೆ ಅದು ತಾರ್ನಾಕ ಬಡಾವಣೆಯ ಪ್ರಯೋಗಾಲಯ ಮುಟ್ಟಬೇಕು, ಒಳಗಿನ ಜೀವಕೋಶಗಳು ಬದುಕಿರುವಾಗಲೇ.

ಆಗತಾನೇ ಹುಟ್ಟಿದ ಮಗುವಿನ ರೋಗನಿರೋಧಕ ಕೋಶಗಳ ರೀತಿಯೇ ಬೇರೆ. ದೊಡ್ಡವರಲ್ಲಿ ಲಸಿಕೆಗೆ ಬಲ ತುಂಬುವ ಎಷ್ಟೋ ಪದಾರ್ಥಗಳಿಗೆ ಅವು ಮಿಸುಕುವುದೇ ಇಲ್ಲ. ಎಳೆಗೂಸುಗಳಿಗೆ ಹೊಂದುವ ಲಸಿಕೆಗಾಗಿ, ಅವು ಯಾವುದಕ್ಕೆ ಎಚ್ಚರಗೊಳ್ಳುತ್ತವೆ ಎಂದು ವಿಜ್ಞಾನಿ ಶರ್ವರಿ ಹುಡುಕುತ್ತಿದ್ದಾರೆ. ಆ ಹುಡುಕಾಟ ನಿಂತಿರುವುದು ಮಲ್ಕಾಜ್‌ಗಿರಿಯ ಈ ಐವತ್ತೆಂಟರ ಹೆಂಗಸಿನ ಚುರುಕು ಕಾಲುಗಳ ಮೇಲೆ.

ರಾಯಚೂರಿನಿಂದ ರೈಲ್ವೆ ನೌಕರನ ಕೈಹಿಡಿದು ಬಂದ ಸುಗಲಮ್ಮ, ಇಪ್ಪತ್ತೆರಡು ವರ್ಷ ಮಂಜುಗಡ್ಡೆ ತುಂಬಿದ ಪೋಲಿಯೊ ಹನಿಯ ಡಬ್ಬಿ ಹೆಗಲಿಗೇರಿಸಿ ಓಣಿ ಓಣಿ ತಿರುಗಿದವರು. ಮೂರು ವರ್ಷದ ಹಿಂದೆ ಈ ಕೆಲಸಕ್ಕೆ ಸೇರಿದಾಗ ಆ ಅಭ್ಯಾಸವೇ ಕೈಕೊಟ್ಟಿತು. ಈ ರಕ್ತವನ್ನು ತಂಪು ಮಾಡಬಾರದೆಂದು ಮೊದಲೇ ಹೇಳಿದ್ದರೂ, ಮೊದಲ ದಿನ ಕೈ ತಾನಾಗಿ ಡಬ್ಬಿಗೆ ಮಂಜುಗಡ್ಡೆ ತುಂಬಿಬಿಟ್ಟಿತು. ಕೋಶಗಳು ಪ್ರಯೋಗಕ್ಕೆ ಬಾರದಂತೆ ಕೆಟ್ಟವು.

"ಆ ರಕ್ತ ಕೊಟ್ಟಾಕಿ ಚೊಚ್ಚಲ ಬಾಣಂತಿರಿ. ಬಳ್ಳಿ, ಹೆರಿಗಿ ಕಸ ಎಲ್ಲಾ ಮನ್ಯಾಗ ಹುಗಿಯೋ ಪದ್ಧತಿ ಐತಿ, ರಕ್ತ ಕೊಡಂಗಿಲ್ಲ ಅಂತ ಅತ್ತಿ ಹಟ ಹಿಡಿದಿದ್ರು. ಆಕಿನೇ ಒಪ್ಪಿಸಿ ಕೊಟ್ಟಿದ್ಲು. ನಾ ಹಾಳ ಮಾಡಿದೆ. ಮರುದಿನ ಹೋಗಿ ತಪ್ಪು ಒಪ್ಕೊಂಡೆ. ಆಕಿ ನಕ್ಕು, ಎರಡನೇ ಹೆರಿಗಿಗೂ ನೀವೇ ಬರ್ರಿ ಅಂದ್ಲು" ಎನ್ನುತ್ತಾರೆ ಸುಗಲಮ್ಮ.

ಇಂದಿನ ಕೊಳವೆ ಅದೇ ತಾಯಿ, ಸ್ನೇಹಲತಾ ಅವರದು.

ಈಗ ಡಬ್ಬಿಯಲ್ಲಿ ಹತ್ತಿಬಟ್ಟೆಯ ಮಡಿಕೆ, ಒಂದು ಥರ್ಮಾಮೀಟರ್ ಅಷ್ಟೇ. ಮೇ ತಿಂಗಳ ಬಿಸಿಲೇರುವ ಮುನ್ನ ಆಟೊ ಹತ್ತಿ, ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, "ಜರಾ ಆಹಿಸ್ತಾ ಭಾಯ್" ಎಂದು ಚಾಲಕನಿಗೆ ನಿಧಾನಕ್ಕೆ ಓಡಿಸಲು ಹೇಳುತ್ತಾರೆ. ಈವರೆಗೆ ಹೊತ್ತದ್ದು ಆರುನೂರ ಹನ್ನೊಂದು ಕೊಳವೆ. ಅವರ ಕೈಯಲ್ಲಿ ಕೆಟ್ಟದ್ದು ಆ ಒಂದೇ. ಬೇರೆ ದಿನ ಕೊಳವೆ ಒಪ್ಪಿಸಿ ಹೊರಟುಬಿಡುವವರು, ಇಂದು ಮಾತ್ರ ಪ್ರಯೋಗಾಲಯದ ಬಾಗಿಲಲ್ಲೇ ಕೂತಿದ್ದಾರೆ. ಮುಂದಿಟ್ಟ ಚಹಾ ಆರಿಹೋಗಿದೆ.

ಕೊನೆಗೆ ಶರ್ವರಿ ಹೊರಬರುತ್ತಾರೆ. "ನೂರಕ್ಕ ತೊಂಬತ್ತೇಳು ಕೋಶ ಜೀವಂತ ಅದಾವ್ರಿ, ಅಮ್ಮಾ."

ಸುಗಲಮ್ಮ ಕಣ್ಣೊರೆಸಿಕೊಳ್ಳುತ್ತಾರೆ, ಅದನ್ನು ಮರೆಮಾಚುವುದೂ ಇಲ್ಲ. ನಿಮ್ಮ ಆಸೆ ಏನು ಎಂದರೆ ಖಾಲಿ ಡಬ್ಬಿಯ ಮೇಲೆ ಕೈಯಾಡಿಸುತ್ತಾರೆ.

"ಎಳೆ ಕೂಸಿಗಂತ ಆ ಲಸಿಕಿ ಬರಲಿ. ಬಂದ ದಿನ ಮಂಜುಗಡ್ಡಿ ತುಂಬಿ ಡಬ್ಬಿ ನಾನೇ ಹೊರತೀನ್ರಿ. ಅದನ್ನ ಹೆಂಗ ಹೊರಬೇಕಂತ ನನಗ ಯಾರೂ ಹೇಳಿಕೊಡೋದು ಬ್ಯಾಡ."